ಮಂಡಿ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್: ಫಾರ್ಮ್ಯಾಟ್ ಮಾಡದೆ ಸರಿಪಡಿಸಿದ್ದು

ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ‘ಅಪ್‌ಡೇಟ್ ಆಯ್ತು, ಕೆಟ್ಟೋಯ್ತು’ ಎನ್ನುವ ಫೋನ್‌ಗಳು ಬರುವುದಕ್ಕೂ ಒಂದು ಕಾಲವಿದೆ. ಮೈಕ್ರೋಸಾಫ್ಟ್ ತನ್ನ ಸುರಕ್ಷತಾ ಅಪ್‌ಡೇಟ್ ಬಿಡುವುದು ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಬೆಳಗ್ಗೆ ಎಂದರೆ ನಮಗೆ ರಾತ್ರಿ. ಬುಧವಾರ ಸಂಜೆ ಅಂಗಡಿ ಮುಚ್ಚುವ ಅವಸರದಲ್ಲಿ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಒತ್ತಿ ಹೋದವರು ಗುರುವಾರ ಬೆಳಗ್ಗೆ ಕರೆ ಮಾಡುತ್ತಾರೆ. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಯಾರಾದರೂ ‘ಫಾರ್ಮ್ಯಾಟ್ ಹೊಡೆಸಿಬಿಡಿ, ಸರಿಹೋಗುತ್ತೆ’ ಎಂದು ಹೇಳಿಯೂ ಆಗಿರುತ್ತದೆ. ಸರಿಯೇನೋ ಹೋಗುತ್ತದೆ, ಲೆಕ್ಕಪತ್ರದ ಸಮೇತ.

ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿಯೊಂದರಿಂದ ಫೋನ್ ಬಂದಾಗ ಜುಲೈ, ಸೀಸನ್ನಿನ ನಡುಮಧ್ಯ. ಹರಾಜು ಶುರುವಾಗಿತ್ತು. 15 ಕೆಜಿ ಬಾಕ್ಸುಗಳು ಬಾಗಿಲವರೆಗೂ ಪೇರಿಸಿದ್ದವು. ಗುಮಾಸ್ತರು ಕೈಯಲ್ಲೇ ಪಟ್ಟಿ ಬರೆಯುತ್ತಿದ್ದರು. ಯಾವ ರೈತರಿಗೆ ಎಷ್ಟು ಕೊಡಬೇಕು, ಯಾವ ವ್ಯಾಪಾರಿಯಿಂದ ಎಷ್ಟು ಬರಬೇಕು ಎಲ್ಲವೂ ಅದೇ ಕಂಪ್ಯೂಟರಿನ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ. ಬ್ಯಾಕಪ್ ಇದೆಯಾ ಎಂದರೆ ಯಜಮಾನರು, ‘ಇತ್ತಪ್ಪ, ಯುಗಾದಿ ಟೈಮಲ್ಲಿ ತಗೊಂಡಿದ್ವಿ’ ಎಂದರು.

ರೀಸ್ಟಾರ್ಟ್ ಎಂದರೆ ಎಲ್ಲವೂ ಒಂದೇ ಅಲ್ಲ. ಎಲ್ಲಿಯವರೆಗೆ ಬಂದು ಬೀಳುತ್ತದೆ ಎಂಬುದನ್ನು ನೋಡಬೇಕು. ಈ ಯಂತ್ರದಲ್ಲಿ ಕಂಪನಿಯ ಲೋಗೊ ಬರುತ್ತಿತ್ತು, ಚುಕ್ಕಿಗಳು ಸುತ್ತುತ್ತಿದ್ದವು, ಕಣ್ಣು ಮಿಟುಕಿಸುವಷ್ಟರಲ್ಲಿ ಏನೋ ಒಂದು ಪರದೆ ಮಿಂಚಿ ಹೋಗಿ ಮತ್ತೆ ಲೋಗೊ. ನಾನು ಮೊದಲು ಬಯೋಸ್ (ವಿಂಡೋಸ್ ಏಳುವ ಮುಂಚಿನ, ಯಂತ್ರದ್ದೇ ಸೆಟ್ಟಿಂಗ್ ಪರದೆ) ತೆರೆದು ಕಾಲು ಗಂಟೆ ಹಾಗೇ ಬಿಟ್ಟೆ. ಬಯೋಸ್‌ನಲ್ಲಿ ನಿಂತಿರುವಾಗಲೂ ಆರಿ ಹತ್ತಿದರೆ ವಿಂಡೋಸ್‌ಗೂ ಅಪ್‌ಡೇಟ್‌ಗೂ ಅದರಲ್ಲಿ ಪಾತ್ರವೇ ಇಲ್ಲ. ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ, ರ‍್ಯಾಮ್, ಪ್ರೊಸೆಸರಿನ ಬಿಸಿ, ಒಳಗೆ ಸಿಕ್ಕಿಕೊಂಡ ಪವರ್ ಬಟನ್, ಇವುಗಳಲ್ಲಿ ಒಂದು. ಯಾರ್ಡಿನ ದೂಳು, ಹುಲ್ಲಿನ ಪುಡಿ ಫ್ಯಾನಿಗೆ ಮೆತ್ತಿಕೊಳ್ಳುವ ಪರಿ ನೋಡಿದವರಿಗೆ ಈ ಅನುಮಾನ ಮೊದಲು ಬರಲೇಬೇಕು. ಯುಪಿಎಸ್ ಬಿಟ್ಟು ನೇರ ಪ್ಲಗ್ಗಿಗೂ ಹಾಕಿ ನೋಡಿದೆ. ಯಂತ್ರ ಗಟ್ಟಿಯಾಗಿ ನಿಂತಿತು. ದೋಷ ವಿಂಡೋಸ್ ಏಳುವ ಹಂತದಲ್ಲಿ.

ಇನ್ನು ರಿಪೇರಿ ಪರದೆಗೆ ಹೋಗುವ ದಾರಿ. ಚುಕ್ಕಿಗಳು ಸುತ್ತುತ್ತಿರುವಾಗಲೇ ಪವರ್ ಬಟನ್ ಒತ್ತಿಹಿಡಿದು ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿದರೆ ಸಾಮಾನ್ಯವಾಗಿ ಮೂರನೇ ಸಲಕ್ಕೆ ವಿಂಡೋಸ್ ತಾನೇ ‘ಆಟೋಮ್ಯಾಟಿಕ್ ರಿಪೇರಿ’ ತೆರೆಯುತ್ತದೆ. ಅದು ಬಾರದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವಿನಿಂದ ಬೂಟ್ ಮಾಡಿ ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಬೇಕು. 8 ಜಿಬಿಯದೊಂದು ನನ್ನ ಬ್ಯಾಗಲ್ಲಿ ಸದಾ ಇರುತ್ತದೆ.

ಅಲ್ಲಿ ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆಯಹೋದರೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿತು. 48 ಅಂಕಿ, ಆರಾರರಂತೆ ಎಂಟು ಗುಂಪು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಎಂಬುದು ಮಂಡಿಯವರಿಗೆ ಗೊತ್ತೇ ಇರಲಿಲ್ಲ. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಎಷ್ಟೋ ಯಂತ್ರಗಳಲ್ಲಿ ಅದು ತಾನಾಗಿಯೇ ಆಗುತ್ತದೆ. ಕಂಪ್ಯೂಟರ್ ತಂದು ಹೊಂದಿಸಿದ್ದವನು ಬೆಂಗಳೂರಿನಲ್ಲಿ ಓದುತ್ತಿರುವ ಯಜಮಾನರ ಮಗ. ಅವನಿಗೆ ಫೋನ್ ಮಾಡಿಸಿ, ಅವನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಡಿವೈಸ್ ಹೆಸರಿನ ಪಕ್ಕ ಇದ್ದ ರಿಕವರಿ ಕೀಯನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿದೆವು. ಗುಮಾಸ್ತರು ಒಂದೊಂದೇ ಗುಂಪು ಓದಿದರು, ನಾನು ಟೈಪ್ ಮಾಡಿದೆ. ಆ ಅಕೌಂಟ್ ಯಾರದ್ದೆಂದೇ ತಿಳಿಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಒಡೆಯುವ ದಾರಿ ನನ್ನ ಹತ್ತಿರ ಇಲ್ಲ, ಇದೆ ಎನ್ನುವವರನ್ನು ನಂಬಬೇಡಿ.

ಒಳಗೆ ಹೋದ ಮೇಲೆ ಮೊದಲ ಕೆಲಸ ರಿಪೇರಿಯಲ್ಲ, ಡೇಟಾ. ಇಲ್ಲೊಂದು ಸುಲಭದ ಉಪಾಯವಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಇಡೀ ಡಿಸ್ಕ್ ಕಾಣುತ್ತದೆ. ಟ್ಯಾಲಿ ಡೇಟಾ ಫೋಲ್ಡರಿನ ಮೇಲೆ ಬಲ ಕ್ಲಿಕ್, ಕಾಪಿ, ಪೆನ್ ಡ್ರೈವಿಗೆ ಹೋಗಿ ಪೇಸ್ಟ್. ಎರಡು ಎಚ್ಚರ. ಇಲ್ಲಿ ಸಿ ಡ್ರೈವ್ ಎನ್ನುವುದು ನಿಜವಾದ ಸಿ ಆಗಿರಬೇಕೆಂದಿಲ್ಲ, ಅಕ್ಷರ ಬದಲಾಗಿರಬಹುದು. ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ನೋಡಿಕೊಳ್ಳಿ. ಎರಡನೆಯದು, ಎಷ್ಟು ಕಾಪಿ ಆಯಿತೆಂದು ತೋರಿಸುವ ಪಟ್ಟಿ ಬರುವುದಿಲ್ಲ. ಸುಮ್ಮನೆ ನಿಂತಂತೆ ಕಾಣುತ್ತದೆ, ಪೆನ್ ಡ್ರೈವ್ ಕಿತ್ತುಬಿಡಬೇಡಿ.

ಡೇಟಾ ಕೈಗೆ ಬಂದ ಮೇಲೆ ಯಜಮಾನರು ಒಂದು ಟೀ ತರಿಸಿದರು. ನನಗೂ ತಲೆ ಹಗುರಾಯಿತು.

ಈಗ ಆ ಮಿಂಚಿ ಹೋಗುವ ಪರದೆಯನ್ನು ಹಿಡಿಯಬೇಕು. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟರೆ ಒಂಬತ್ತು ಆಯ್ಕೆಗಳು ಬರುತ್ತವೆ. ಎಲ್ಲರೂ 4 ಒತ್ತಿ, ವಿಂಡೋಸ್‌ನ ಅಗತ್ಯ ಭಾಗಗಳಷ್ಟೇ ಏಳುವ ಸೇಫ್ ಮೋಡ್‌ಗೆ ಓಡುತ್ತಾರೆ. ನಾನು ಮೊದಲು ಒತ್ತುವುದು 9: ಕುಸಿದು ಬಿದ್ದಾಗ ತಾನಾಗಿ ರೀಸ್ಟಾರ್ಟ್ ಆಗಬೇಡ ಎಂಬ ಆಜ್ಞೆ. ಆಗ ದೋಷದ ಪರದೆ ಅಲ್ಲೇ ನಿಲ್ಲುತ್ತದೆ (ನೀಲಿ ಎಂದೇ ಎಲ್ಲರಿಗೂ ಗೊತ್ತು, ಹೊಸ ವಿಂಡೋಸ್ 11ರಲ್ಲಿ ಕಪ್ಪಾಗಿದೆ). ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಸ್ಟಾಪ್ ಕೋಡಿನ ಕೆಳಗೆ ‘ವಾಟ್ ಫೇಲ್ಡ್’ ಎಂಬ ಸಾಲು, ಅದರ ಮುಂದೆ ‘ಡಾಟ್ ಸಿಸ್’ ಎಂದು ಕೊನೆಯಾಗುವ ಒಂದು ಫೈಲ್ ಹೆಸರು, ಅಂದರೆ ಡ್ರೈವರ್, ವಿಂಡೋಸ್‌ನ ಒಳಗೇ ಓಡುವ ಸಣ್ಣ ಪ್ರೋಗ್ರಾಮ್. ಆಮೇಲೆ ಸೇಫ್ ಮೋಡ್‌ಗೆ ಹೋದರೆ ಯಂತ್ರ ತಣ್ಣಗೆ ಎದ್ದಿತು. ಡ್ರೈವರ್ಸ್ ಫೋಲ್ಡರಿನಲ್ಲಿ ಆ ಫೈಲಿನ ಪ್ರಾಪರ್ಟೀಸ್ ತೆರೆದೆ. ಮೈಕ್ರೋಸಾಫ್ಟ್‌ನದ್ದಲ್ಲ, ಕೊಳ್ಳುವಾಗ ಪುಕ್ಕಟೆಯಾಗಿ ಬಂದು, ಅವಧಿ ಮುಗಿದು ಮೂಲೆಯಲ್ಲಿ ಕೂತಿದ್ದ ಆ್ಯಂಟಿವೈರಸ್‌ ಒಂದರದ್ದು. ಲೈಸೆನ್ಸ್ ಮುಗಿದರೂ ಅದರ ಡ್ರೈವರ್ ವಿಂಡೋಸ್‌ನ ಹೊಟ್ಟೆಯೊಳಗೆ ಹಾಗೇ ಓಡುತ್ತಿರುತ್ತದೆ. ಹೊಸ ಅಪ್‌ಡೇಟ್ ಬಂದಾಗ ಹಳೇ ಡ್ರೈವರ್ ಜೊತೆ ಹೊಂದಲಿಲ್ಲ.

2024ರ ಜುಲೈ 19ರಂದು ವಿಮಾನ ನಿಲ್ದಾಣಗಳನ್ನೇ ನಿಲ್ಲಿಸಿದ ಕ್ರೌಡ್‌ಸ್ಟ್ರೈಕ್ ಪ್ರಕರಣವೂ ಇದೇ ಜಾತಿಯದು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಕಾರಣ ವಿಂಡೋಸ್ ಅಪ್‌ಡೇಟ್ ಅಲ್ಲ, ಸುರಕ್ಷತಾ ಸಾಫ್ಟ್‌ವೇರಿನ ಒಂದು ಫೈಲ್. ಸೇಫ್ ಮೋಡ್‌ನಲ್ಲಿ ಅದನ್ನು ಅಳಿಸಿದರೆ ಯಂತ್ರ ಏಳುತ್ತಿತ್ತು.

ಹರಾಜಿನ ಹೊತ್ತಲ್ಲಿ ಬೇರುಮಟ್ಟದ ಕೆಲಸಕ್ಕೆ ನಾನು ಕೈಹಾಕಲಿಲ್ಲ. ರಿಪೇರಿ ಪರದೆಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒಳಗೆ ‘ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್’ ತೆಗೆಸಿದೆ, ವಿಂಡೋಸ್ ಎದ್ದಿತು, ಅಪ್‌ಡೇಟ್ ಸದ್ಯಕ್ಕೆ ತಡೆಹಿಡಿದೆ, ಪಟ್ಟಿ ಪ್ರಿಂಟ್ ಶುರುವಾಯಿತು. ಯಾರ್ಡ್ ಖಾಲಿಯಾದ ಮೇಲೆ ಮಧ್ಯಾಹ್ನ ಮತ್ತೆ ಹೋದೆ. ಸೇಫ್ ಮೋಡ್‌ನಲ್ಲಿ ಮಾಮೂಲಿ ಅನ್‌ಇನ್‌ಸ್ಟಾಲ್ ಎಷ್ಟೋ ಸಲ ಓಡುವುದಿಲ್ಲ. ಆ ಆ್ಯಂಟಿವೈರಸ್ ಕಂಪನಿಯವರೇ ಕೊಡುವ ರಿಮೂವಲ್ ಟೂಲ್ ಬಳಸಿ ಬೇರುಸಮೇತ ತೆಗೆದೆ. ವಿಂಡೋಸ್‌ನದ್ದೇ ಡಿಫೆಂಡರ್ ತಾನಾಗಿ ಎಚ್ಚರವಾಯಿತು. ಆಮೇಲೆ ಅದೇ ಅಪ್‌ಡೇಟನ್ನು ಎದುರಿಗೆ ಕೂತು ಮತ್ತೆ ಹಾಕಿಸಿದೆ. ಬೆಳಗ್ಗಿನ ತುರ್ತು ದಾರಿಯಲ್ಲೇ ಬಿಟ್ಟುಬಂದಿದ್ದರೆ ಮುಂದಿನ ತಿಂಗಳು ಇದೇ ಜಗಳ.

ಬೇರೆ ಬಗೆಯ ಲೂಪ್ ಒಂದಿದೆ. ‘ಅಪ್‌ಡೇಟ್ ಪೂರ್ತಿಯಾಗಲಿಲ್ಲ, ಬದಲಾವಣೆ ವಾಪಸ್ ತೆಗೆಯುತ್ತಿದ್ದೇವೆ’ ಎನ್ನುತ್ತಾ ಶೇಕಡಾವಾರು ಏರಿಸಿ, ರೀಸ್ಟಾರ್ಟ್ ಆಗಿ, ಮತ್ತೆ ಅದನ್ನೇ ಹೇಳುವುದು. ಮುಳಬಾಗಿಲಿನ ಸೈಬರ್ ಸೆಂಟರಿನಿಂದ ಬಂದಿದ್ದ ಯಂತ್ರ ಹೀಗೆ ಮಾಡುತ್ತಿತ್ತು. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಒಂದೆರಡು ಗಂಟೆ ಮುಟ್ಟದೆ ಬಿಡಬೇಕು. ಆಗಲೂ ಬಗೆಹರಿಯದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ವಿಂಡೋಸ್‌ನದ್ದೇ ಡಿಸ್ಮ್ ಎಂಬ ರಿಪೇರಿ ಟೂಲಿಗೆ ‘ರಿವರ್ಟ್ ಪೆಂಡಿಂಗ್ ಆ್ಯಕ್ಷನ್ಸ್’ ಆದೇಶ ಕೊಟ್ಟರೆ ಅರ್ಧಕ್ಕೆ ನಿಂತ ಅಪ್‌ಡೇಟ್ ಕೆಲಸಗಳು ರದ್ದಾಗುತ್ತವೆ. ವಿಂಡೋಸ್ ವರ್ಷನ್ನೇ ಬದಲಾಗಿದ್ದರೆ, ಅಂದರೆ ಫೀಚರ್ ಅಪ್‌ಡೇಟ್ ಆಗಿದ್ದರೆ, ಹಿಂದಕ್ಕೆ ಹೋಗಲು ಮಾಮೂಲಿಗೆ 10 ದಿನ ಅವಕಾಶ. ‘ರೀಸೆಟ್ ದಿಸ್ ಪಿಸಿ, ಕೀಪ್ ಮೈ ಫೈಲ್ಸ್’ ನೋಡಲು ಸಾಧು. ಫೋಟೊ, ಡಾಕ್ಯುಮೆಂಟ್ ಉಳಿಸಿಕೊಂಡು ಟ್ಯಾಲಿ, ನುಡಿ ಎಲ್ಲವನ್ನೂ ಕಿತ್ತುಹಾಕುತ್ತದೆ. ನನಗೆ ಅದು ಕೊನೆಯ ದಾರಿ.

ಯಜಮಾನರು ‘ಇನ್ಮೇಲೆ ಅಪ್‌ಡೇಟೇ ಬರ್ದಂಗೆ ಮಾಡ್ಬಿಡಪ್ಪ’ ಎಂದರು. ‘ಅದಾಗಲ್ಲ ಅಣ್ಣ, ಬ್ಯಾಂಕ್ ಕೆಲಸಾನೂ ಇದ್ರಲ್ಲೇ ಮಾಡ್ತೀರ’ ಎಂದು, ಐದು ವಾರ ಮುಂದೂಡುವುದು ಹೇಗೆ, ಆ ಗಡುವು ಮುಗಿಯುವ ಮುಂಚೆ ಹರಾಜಿಲ್ಲದ ಸಂಜೆ ನೋಡಿ ಹಾಕಿಕೊಳ್ಳುವುದು ಹೇಗೆ ಎಂದು ಗುಮಾಸ್ತರಿಗೆ ತೋರಿಸಿದೆ. ಹೊರಡುವ ಮುಂಚೆ ಸಿಸ್ಟಮ್ ಸೆಟ್ಟಿಂಗಿನ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಟಿಕ್ ತೆಗೆದುಬಂದೆ. ಇನ್ನೊಮ್ಮೆ ಕೈಕೊಟ್ಟರೆ ಪರದೆ ಅಲ್ಲೇ ನಿಲ್ಲುತ್ತದೆ, ಅವರು ಫೋಟೊ ಕಳಿಸಿದರೆ ಸಾಕು.