ಅಜ್ಜಿಯ ಹೆಸರು ಎರಡು ಕಡೆ

ಗೌರಿಬಿದನೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಕೂತು ಪತ್ರ ಬರೆಯುವುದು ನನ್ನ ಕಸುಬು. ಪೌತಿ ಖಾತೆಗೆ, ವಿಭಾಗಕ್ಕೆ ಅಂತ ದಿನಕ್ಕೆ ಒಂದೆರಡು ವಂಶವೃಕ್ಷ ಬರೆದೇ ಬರೆಯುತ್ತೇನೆ. ಎಡವಿದ್ದು ಮಾತ್ರ ನಮ್ಮ ಮನೆಯದರಲ್ಲಿ.

ಅಮೆರಿಕದಲ್ಲಿರುವ ತಂಗಿ ಮಗ ಡಿಎನ್‌ಎ ಕಿಟ್ ತಂದಿದ್ದ. ಕೊಳವೆಗೆ ಉಗುಳಿ ಕೊಟ್ಟೆ, ಹೋಗುವಾಗ ತಗೊಂಡು ಹೋದ. ಫಲಿತಾಂಶ ಬಂದಾಗ ನೆಂಟರ ಪಟ್ಟಿಯ ಮೇಲ್ಗಡೆ ಗುರುತಿಲ್ಲದ ಒಂದು ಹೆಸರು, ಪಕ್ಕದಲ್ಲಿ 372 ಸೆಂಟಿಮಾರ್ಗನ್. ಇಬ್ಬರಲ್ಲೂ ಒಂದೇ ಹಿರಿಯರಿಂದ ಬಂದ ಡಿಎನ್‌ಎ ತುಂಡುಗಳ ಒಟ್ಟು ಅಳತೆ ಅದು. ಅಪ್ಪ-ಮಗನಿಗೆ 3,400ರ ಮೇಲೆ, ಒಡಹುಟ್ಟಿದವರಿಗೆ ಸುಮಾರು 2,600, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಿಗೆ ಸುಮಾರು 870, ಅಣ್ಣತಮ್ಮಂದಿರ ಮೊಮ್ಮಕ್ಕಳಿಗೆ ಸುಮಾರು 230.

ಆತ ಇರುವುದು ಮೆಲ್ಬರ್ನ್‌ನಲ್ಲಿ. ಅವರ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದವರು, ಮೂಲ 'ಗೌರಿಬಿದನೂರು ಕಡೆ' ಅನ್ನುವುದಷ್ಟೇ ಗೊತ್ತು. ನನ್ನ ತಾತನ ತಮ್ಮ ಒಬ್ಬರು ಮನೆ ಬಿಟ್ಟು ಹೋಗಿದ್ದರೆಂಬುದನ್ನು ನಾನೂ ಕೇಳಿದ್ದೆ. ಯಾವಾಗ ಅಂದರೆ, ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದ ವರ್ಷ. ಅಂದರೆ 1938. ನಮ್ಮ ಕಡೆ ಹಳಬರ ಪಂಚಾಂಗವೇ ಅದು.

ಆದರೆ ಚಿಕ್ಕ ತಾತನ ಮೊಮ್ಮಗನಾದರೆ 230ರ ಆಸುಪಾಸು ಇರಬೇಕು. 372 ಎಲ್ಲಿಂದ ಬಂತು? ಯಾವ ನೆಂಟಸ್ತಿಕೆಗೆ ಎಷ್ಟು ಅಂತ ತೋರಿಸುವ ಕೋಷ್ಟಕದಲ್ಲಿ ಅದಕ್ಕೆ ಹತ್ತಿರ ಕಂಡಿದ್ದು ಇನ್ನೊಂದು ಸಂಬಂಧ: ತಾತ ಒಬ್ಬನೇ, ಅಜ್ಜಿಯರು ಬೇರೆ ಬೇರೆ. ಬಾಯಿ ಸುಮ್ಮನಿರದೆ ಅದನ್ನು ಮನೆಯಲ್ಲಿ ಹೇಳಿಬಿಟ್ಟೆ. ತಾತನಿಗೆ ಗಣಿ ಊರಿನಲ್ಲಿ ಇನ್ನೊಂದು ಸಂಸಾರ ಇತ್ತಂತೆ ಅನ್ನೋ ಸುದ್ದಿ ಸಂಜೆಯೊಳಗೆ ನಾಲ್ಕು ಮನೆ ತಲುಪಿತು. ಅಣ್ಣನ ಮೊದಲ ಪ್ರಶ್ನೆ, "ಜಮೀನಲ್ಲಿ ಪಾಲು ಕೇಳೋಕೆ ಬರ್ತಾನೇನೋ?" ಆ ವರದಿ ನಾಡಕಚೇರಿಯಲ್ಲಿ ನಡೆಯಲ್ಲ ಅಂತ ಸಮಾಧಾನ ಹೇಳಿದೆ. ತಾತನ ತಮ್ಮನ ಮೊಮ್ಮಗನಾದರೂ ಪಿತ್ರಾರ್ಜಿತದ ಮಾತು ಬರಬಹುದು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ವೈ ಕ್ರೋಮೋಸೋಮ್ ಪರೀಕ್ಷೆ ಮಾಡಿಸು ಅಂತ ಒಬ್ಬರು ಸಲಹೆ ಕೊಟ್ಟರು. ಅದು ದುಡ್ಡು ದಂಡ. ವೈ ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ, ಅಣ್ಣತಮ್ಮಂದಿರದು ಒಂದೇ. ತಾತನೋ ತಾತನ ತಮ್ಮನೋ ಅನ್ನುವ ಪ್ರಶ್ನೆಗೆ ಅದು ಉತ್ತರ ಕೊಡಲ್ಲ.

ಬೇಕಾಗಿದ್ದದ್ದು ಒಂದು ತಲೆಮಾರು ಮೇಲಿನವರ ಎಂಜಲು. ಉಳಿದಿರುವುದು ನನ್ನ ಸೋದರತ್ತೆ ಒಬ್ಬರೇ, ಎಂಬತ್ತು ವರ್ಷ. ಉಗುಳುವುದಕ್ಕೆ ಅರ್ಧ ಗಂಟೆ ಮುಂಚೆ ಏನೂ ತಿನ್ನಬಾರದು, ಕುಡಿಯಬಾರದು. ಅತ್ತೆಯ ಬಾಯಲ್ಲಿ ಎಲೆ-ಅಡಿಕೆ ಇಲ್ಲದ ಹೊತ್ತೇ ಇಲ್ಲ. ಬಾಯಿ ತೊಳೆಸಿ, ಗಡಿಯಾರ ನೋಡುತ್ತಾ ಕಾದು ಕೊಳವೆ ಕೊಟ್ಟರೆ ಬಾಯಿ ಒಣಗಿಹೋಗಿತ್ತು. "ಹುಣಸೆಹಣ್ಣು ನೆನೆಸ್ಕೊಳ್ಳತ್ತೆ" ಅಂದೆ. ನಗು ಬಂದು ಕೊಳವೆ ಅರ್ಧ ತುಂಬಿತು, ಇನ್ನರ್ಧಕ್ಕೆ ಇಪ್ಪತ್ತು ನಿಮಿಷ.

ಆಗಲೇ ಅವರು ಅಂದಿದ್ದು. "ನಮ್ಮಪ್ಪಂಗೆ ಇನ್ನೊಂದು ಸಂಸಾರ? ನಮ್ಮಮ್ಮ ಬಿಡ್ತಿದ್ಲಾ! ಸ್ವಂತ ಅಕ್ಕನ ಮಗಳು ಕಣೋ, ಅತ್ತೆ ಮನೆಗೇ ಹೆದರದೋಳು."

ನನಗೆ ಗೊತ್ತಿಲ್ಲದ್ದೇನಲ್ಲ. ತಾತ ಅಕ್ಕನ ಮಗಳನ್ನೇ ಮದುವೆಯಾದವರು, ನಮ್ಮಲ್ಲಿ ಅದೇನು ವಿಶೇಷ? ಆದರೆ ನಾನು ಬರೆಯುವ ವಂಶವೃಕ್ಷದಲ್ಲಿ ಅಜ್ಜಿ ಅಂದರೆ ತಾತನ ಹೆಸರಿನ ಪಕ್ಕ 'ಹೆಂಡತಿ', ಅಷ್ಟೇ. ಆಕೆ ಯಾರ ಮಗಳು ಅಂತ ಆ ಕಾಗದ ಕೇಳುವುದೇ ಇಲ್ಲ. ಕೆಜಿಎಫ್‌ಗೆ ಹೋದ ಚಿಕ್ಕ ತಾತ ಅಜ್ಜಿಗೂ ಸೋದರಮಾವ. ಅಂದಮೇಲೆ ಮೆಲ್ಬರ್ನ್‌ನವರು ನನಗೆ ಎರಡು ದಾರಿಯಲ್ಲಿ ನೆಂಟರು. ತಾತನ ದಾರಿಯಲ್ಲಿ ಸರಾಸರಿ ಶೇಕಡಾ 3.1, ಅಜ್ಜಿಯ ದಾರಿಯಲ್ಲಿ ಅದರ ಅರ್ಧ. ಎರಡೂ ಸೇರಿದರೆ ಶೇಕಡಾ 4.7ರ ಹತ್ತಿರ, ಸೆಂಟಿಮಾರ್ಗನ್ ಲೆಕ್ಕದಲ್ಲಿ 320ರ ಸುಮಾರು. ಅಲ್ಲಿಂದ 372 ದೂರವೇನಲ್ಲ, ತುಂಡುಗಳು ಪ್ರತಿ ತಲೆಮಾರಿನಲ್ಲೂ ಹೆಚ್ಚುಕಮ್ಮಿ ಹಂಚಿಕೆಯಾಗುತ್ತವೆ. ನಾನು ನೋಡಿದ ಕೋಷ್ಟಕ ಸೋದರಮಾವನನ್ನು ಕಟ್ಟಿಕೊಳ್ಳದವರ ಲೆಕ್ಕ.

ಅತ್ತೆಯ ಫಲಿತಾಂಶಕ್ಕೆ ಮುಂಚೆಯೇ ಲೆಕ್ಕ ಬರೆದಿಟ್ಟುಕೊಂಡೆ. ಚಿಕ್ಕ ತಾತನ ಮೊಮ್ಮಗನಾದರೆ 640ರ ಹತ್ತಿರ, ತಾತನ ಮೊಮ್ಮಗನೇ ಆದರೆ 1,050 ದಾಟಬೇಕು. ಬಂದಿದ್ದು 655. ಅತ್ತೆಯ ದತ್ತಾಂಶವನ್ನು ಜೆಡ್‌ಮ್ಯಾಚ್ ಅನ್ನುವ ಡಿಎನ್‌ಎ ಹೋಲಿಸುವ ಜಾಲತಾಣಕ್ಕೆ ಹಾಕಿ, ತಂದೆತಾಯಿ ರಕ್ತಸಂಬಂಧಿಗಳೇ ಎಂದು ತೋರಿಸುವ ಸಾಧನದಲ್ಲೂ ನೋಡಿದೆ. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಕ್ಕಳಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ಡಿಎನ್‌ಎಯ ಎರಡೂ ಪ್ರತಿ ಒಂದೇ ಆಗಿರುತ್ತವೆ. ಅತ್ತೆಯದೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ನಾಲ್ಕು ಮನೆಗೂ ಹೋಗಿ ಹೇಳಿ ಬಂದೆ. ಮೊದಲ ಸುದ್ದಿ ಹರಡಿದಷ್ಟು ಬೇಗ ಇದು ಹರಡಲಿಲ್ಲ.

ಕೊನೆಗೆ ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಹೊಸದಾಗಿ ಬರೆದೆ. ಅಜ್ಜಿಯ ಹೆಸರು ತಾತನ ಪಕ್ಕ ಒಮ್ಮೆ, ತಾತನ ಅಕ್ಕನ ಕೆಳಗೆ ಒಮ್ಮೆ. ನಡುವೆ ಚುಕ್ಕೆ ಗೆರೆ. ಅತ್ತೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ಇದೇನೋ, ನಮ್ಮಮ್ಮ ಇಬ್ರಾ?"