ಹೆಸರು ಎರಡು, ಮೆಷಿನ್ ಒಂದೇನಾ? ಅಕ್ಕತಂಗಿ ಏಸಿಗಳನ್ನು ಬಿಚ್ಚಿ ನೋಡಿದ ನನ್ನ ಅನುಭವ

ಒಂದೇ ಕಂಪನಿಯ ದೊಡ್ಡ ಹೆಸರಿನ ಏಸಿ ಬಿಟ್ಟು ಅದರ ತಂಗಿ ಬ್ರ್ಯಾಂಡ್ (ಅದೇ ಕಂಪನಿ ಬೇರೆ ಹೆಸರಲ್ಲಿ ಅಗ್ಗಕ್ಕೆ ಮಾರುವುದು) ಹಾಕಿಸಿದರೂ ಏನೂ ಕಳೆದುಕೊಳ್ಳುವುದಿಲ್ಲ, ಆದರೆ ಯಾವ ಮಾಡೆಲ್ ಅಂತ ನೋಡಿ ತಗೋಬೇಕು. ಇದನ್ನು ನಾನು ಹೇಳಿದಾಗಲೆಲ್ಲ ನಮ್ಮ ಏಸಿ ಲೈನಿನವರು ನಗುತ್ತಿದ್ದರು. ಅರ್ಧ ಜನ "ಹೆಸರಿಗೇ ದುಡ್ಡು ಕೊಡೋದು ಮಾರಾಯ" ಅನ್ನುವವರು. ಇನ್ನರ್ಧ "ಎಲ್ಲಾ ಒಂದೇ ಫ್ಯಾಕ್ಟರಿ, ಕಣ್ಣು ಮುಚ್ಚಿ ಅಗ್ಗದ್ದು ತಗೋ" ಅನ್ನುವವರು. ಇಬ್ಬರದ್ದೂ ತಪ್ಪು. ಈಗ ಅವರೇ ನನಗೆ ಮಾಡೆಲ್ ನಂಬರ್ ಕಳಿಸಿ "ಇದು ಹೇಗೆ?" ಅಂತ ಕೇಳುತ್ತಾರೆ, ಅದಕ್ಕೇ ಬರೆಯೋಣ ಅನ್ನಿಸಿತು.

ಯಾರು ಯಾರ ಮನೆಯವರು, ಅಂದರೆ ಯಾವ ಬ್ರ್ಯಾಂಡ್ ಯಾವ ಕಂಪನಿಯದ್ದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬ್ರಯಂಟ್, ಪೇನ್ 1955ರಿಂದ ಕ್ಯಾರಿಯರ್ ಮನೆಯಲ್ಲಿವೆ. ಟ್ರೇನ್ ಕಂಪನಿಯನ್ನು ಅಮೆರಿಕನ್ ಸ್ಟ್ಯಾಂಡರ್ಡ್ 1984ರಲ್ಲಿ ಕೊಂಡುಕೊಂಡಿತು. ಅಮಾನಾ ಗುಡ್‌ಮನ್ ಕೈಗೆ ಬಂತು, ಆ ಗುಡ್‌ಮನ್ನೇ 2012ರಲ್ಲಿ ಡೈಕಿನ್ ಪಾಲಾಯಿತು. ರೀಮ್ ಮತ್ತು ರೂಡ್ ಒಂದೇ ಮನೆ. ಒಳಗೊಂದು (ಇಂಡೋರ್), ಹೊರಗೊಂದು (ಔಟ್‌ಡೋರ್) ಡಬ್ಬ ಇರುವ ಸ್ಪ್ಲಿಟ್ ಏಸಿಯಲ್ಲಿ ಟೋಸಾಟ್ ಅಂದರೆ ಗ್ರೀ, ಕಾಮ್‌ಫೀ ಅಂದರೆ ಮೈಡಿಯಾ. ತೋಶಿಬಾ ವಿಷಯದಲ್ಲಿ ಮಾತ್ರ ಹುಷಾರು. ಫ್ರಿಜ್, ವಾಷಿಂಗ್ ಮೆಷಿನ್ ಮಾಡುವ ತೋಶಿಬಾದ ದೊಡ್ಡ ಪಾಲು 2016ರಲ್ಲಿ ಮೈಡಿಯಾಗೆ ಹೋಯಿತು. ಆದರೆ ತೋಶಿಬಾ ಕ್ಯಾರಿಯರ್ ಅನ್ನುವ ಏಸಿ ಕಂಪನಿ 2022ರಲ್ಲಿ ಕ್ಯಾರಿಯರ್ ಹತ್ತಿರ ಹೋಯಿತು. ಹಾಗಾಗಿ ಬರೀ ಹೆಸರು ನೋಡಿ ಮನೆತನ ಹೇಳುವುದಕ್ಕಾಗಲ್ಲ. ಪ್ಯಾನೆಲ್ ಬಿಚ್ಚಿ ಕಂಪ್ರೆಸರ್ (ಗ್ಯಾಸನ್ನು ಒತ್ತಿ ತಳ್ಳುವ ಪಂಪು) ಮೇಲಿನ ಲೇಬಲ್ ಓದಬೇಕು. ಜಿಎಂಸಿಸಿ ಅಂತಿದ್ದರೆ ಕಂಪ್ರೆಸರ್ ಮೈಡಿಯಾ ಕಡೆಯದ್ದು, ಲ್ಯಾಂಡಾ ಅಂತಿದ್ದರೆ ಗ್ರೀ ಕಡೆಯದ್ದು. ಅದೂ ಪೂರ್ತಿ ಸಾಕ್ಷಿ ಅಲ್ಲ, ಜಿಎಂಸಿಸಿ ಕಂಪ್ರೆಸರ್ ಹೊರಗಿನವರಿಗೂ ಮಾರಾಟ ಆಗುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿನ ನಂಬರ್ ಕೂಡ ತಾಳೆಯಾದರೆ ಮಾತ್ರ ನಾನು ನಂಬುತ್ತೇನೆ.

ನನ್ನ ಮೊದಲ ಹೋಲಿಕೆ ಪೂರ್ತಿ ನೀರಲ್ಲಿ ಹೋಮ. ಅಕ್ಕಪಕ್ಕದ ಎರಡು ರೂಮಿಗೆ ಒಂದಕ್ಕೆ ಅಕ್ಕ, ಒಂದಕ್ಕೆ ತಂಗಿ ಹಾಕಿ ಕರೆಂಟ್ ಮೀಟರ್ ಇಟ್ಟೆ. ಒಂದು ರೂಮಿನ ಗೋಡೆಗೆ ಪಶ್ಚಿಮದ ಬಿಸಿಲು, ಇನ್ನೊಂದಕ್ಕೆ ಇಲ್ಲ. ಬಂದ ಅಂಕಿಯೆಲ್ಲ ಬಿಸಿಲಿನದ್ದು, ಮೆಷಿನ್‌ದಲ್ಲ. ಆಮೇಲೆ ಎರಡೂ ಇಂಡೋರನ್ನು ಒಂದೇ ರೂಮಿನ ಒಂದೇ ಗೋಡೆಗೆ ಹಾಕಿ, ಒಂದು ದಿನ ಇದು, ಮರುದಿನ ಅದು ಅಂತ ಓಡಿಸಿದೆ. ಎರಡು ಪೈಪ್ ಸೆಟ್, ಎರಡು ಸ್ಟ್ಯಾಂಡ್, ಎರಡು ಸಲದ ಕೂಲಿ. ಮನೆಯವರು ಮುಖ ಗಂಟಿಕ್ಕಿದ್ದು ಬೇರೆ ಲೆಕ್ಕ. ಹೊರಗಿನ ತಾಪಮಾನ ಗಂಟೆಗೊಮ್ಮೆ ಬರೆದುಕೊಂಡು, ಒಳಗೂ ಹೊರಗೂ ಎಷ್ಟು ಡಿಗ್ರಿ ವ್ಯತ್ಯಾಸ ಇತ್ತೋ ಅದರಿಂದ ಯೂನಿಟ್ ಭಾಗಿಸಿದೆ. ಆಗ ಲೆಕ್ಕ ಸರಿ ಕೂತಿತು.

ಮೊದಲ ಜೋಡಿಯಲ್ಲಿ ಬೆಲೆಯ ವ್ಯತ್ಯಾಸ ಸುಮಾರು ಐದರಲ್ಲಿ ಒಂದು ಭಾಗ. ಕರೆಂಟಿನ ವ್ಯತ್ಯಾಸ ನೂರಕ್ಕೆ ಎರಡೋ ಮೂರೋ, ಅದೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅಂದರೆ ಏನೂ ಇಲ್ಲ. ಎರಡನೇ ಜೋಡಿಯಲ್ಲಿ ಕಥೆ ಬೇರೆ. ರಾತ್ರಿ ಹೊತ್ತು ಎರಡೂ ಸಮ, ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ತಂಗಿ ನೂರಕ್ಕೆ ಹನ್ನೆರಡರಷ್ಟು ಜಾಸ್ತಿ ತಿಂದಳು. ಔಟ್‌ಡೋರ್ ಬಿಚ್ಚಿದರೆ ಕಾಯಿಲ್ (ಬಿಸಿ ಹೊರಹಾಕುವ ಪೈಪಿನ ಜಾಲರಿ) ಒಂದೇ ಸಾಲು, ಅಕ್ಕನಿಗೆ ಎರಡು ಸಾಲು. ಹೊರಗಿನ ಡಬ್ಬ ಮಾತ್ರ ಒಂದೇ ಅಚ್ಚು, ಸ್ಕ್ರೂ ತೂತು ಕೂಡ ಅದೇ ಜಾಗದಲ್ಲಿ!

ಇದರಿಂದ ನನಗೆ ಸಿಕ್ಕಿದ ಸುಲಭದ ದಾರಿ ತೂಕ. ಸ್ಪೆಕ್ ಶೀಟಿನಲ್ಲಿ ಔಟ್‌ಡೋರ್ ತೂಕ ಬರೆದಿರುತ್ತಾರೆ, ಯಾರೂ ನೋಡಲ್ಲ. ಎರಡು ಬ್ರ್ಯಾಂಡಿನ ಅಳತೆ, ತೂಕ, ರೇಟೆಡ್ ಆಂಪ್ಸ್ (ಎಳೆಯುವ ಕರೆಂಟ್), ತುಂಬಿದ ಗ್ಯಾಸಿನ ಗ್ರಾಂ, ಈ ನಾಲ್ಕೂ ಒಂದೇ ಇದ್ದರೆ ಒಳಗಿರುವುದು ಒಂದೇ ಮೆಷಿನ್ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮೂರ್ನಾಲ್ಕು ಕೆಜಿ ಕಡಿಮೆ ಇದ್ದರೆ ಕಾಯಿಲನ್ನೋ ಕಂಪ್ರೆಸರನ್ನೋ ಚಿಕ್ಕದು ಮಾಡಿದ್ದಾರೆ. ಮಾಡೆಲ್ ನಂಬರಿನ ಕೊನೆಯ ಅಕ್ಷರಗಳಿಂದಲೂ ಇದನ್ನು ಹಿಡಿಯಬಹುದು, ಅದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಅದರಿಂದಲೇ ನನಗೆ ನಾಲ್ಕು ಕಾಸು ಬರುತ್ತಿದೆ, ಬೇಜಾರು ಮಾಡ್ಕೋಬೇಡಿ.

ಇನ್ನು ಸ್ಪೇರ್ ಪಾರ್ಟ್. ನಿಜವಾದ ದುಡ್ಡು ಉಳಿಯುವುದು ಇಲ್ಲೇ. ಇಂಡೋರ್ ಫ್ಯಾನಿನ ಡಿಸಿ ಮೋಟಾರ್ ಒಂದು ಹೋಗಿತ್ತು. ದೊಡ್ಡ ಹೆಸರಿನ ಪೆಟ್ಟಿಗೆಯಲ್ಲಿ ಬರುವ ಮೋಟಾರಿಗೆ ತಂಗಿಯದ್ದಕ್ಕಿಂತ ಹತ್ತಿರ ಹತ್ತಿರ ಎರಡೂವರೆ ಪಟ್ಟು ರೇಟು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಪಾರ್ಟ್ ನಂಬರ್, ಅದೇ ಐದು ವೈರ್: ಕೆಂಪು 310 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ 15 ವೋಲ್ಟ್, ಹಳದಿಯಲ್ಲಿ ಸ್ಪೀಡ್ ಆರ್ಡರ್, ನೀಲಿಯಲ್ಲಿ ಎಷ್ಟು ಸ್ಪೀಡು ಅಂತ ವಾಪಸ್ ಹೇಳುವ ಪಲ್ಸ್. ಚುಚ್ಚಿದೆ, ತಿರುಗಿತು, ಇವತ್ತಿಗೂ ತಿರುಗುತ್ತಿದೆ. (ಪವರ್ ತೆಗೆದ ತಕ್ಷಣ ಆ ಕೆಂಪು ವೈರಿಗೆ ಕೈ ಹಾಕಬೇಡಿ, ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು ಬಿಡಿ. ಗೊತ್ತಿರುವವರೇ ಮರೆಯುವುದು ಇದನ್ನು.)

ಇನ್ವರ್ಟರ್ ಏಸಿಯ (ಕಂಪ್ರೆಸರ್ ವೇಗ ಏರಿಳಿಸುವಂಥದ್ದು) ಔಟ್‌ಡೋರ್ ಬೋರ್ಡ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ತಂಗಿಯ ಬೋರ್ಡನ್ನು ಅಕ್ಕನಿಗೆ ಹಾಕಿದರೆ ಕಂಪ್ರೆಸರ್ ಒಂದೆರಡು ಸಲ ನಡುಗಿ ನಿಂತುಬಿಟ್ಟಿತು, ಮಾಡ್ಯೂಲ್ ಪ್ರೊಟೆಕ್ಷನ್ ಕೋಡ್ (ಕಂಪ್ರೆಸರ್ ಓಡಿಸುವ ಭಾಗ ತನ್ನನ್ನು ಕಾಪಾಡಿಕೊಳ್ಳಲು ನಿಂತಿದೆ ಅನ್ನುವ ಸೂಚನೆ) ಬಂತು. ಬೋರ್ಡ್ ಅದೇ, ಪ್ರಿಂಟ್ ಅದೇ, ಆದರೆ ಎಂಟು ಕಾಲಿನ ಚಿಕ್ಕ ಮೆಮೊರಿ ಚಿಪ್‌ನಲ್ಲಿರುವ ಕಂಪ್ರೆಸರ್ ಲೆಕ್ಕ ಬೇರೆ. ಹಳೆಯ ಬೋರ್ಡಿನ ಚಿಪ್ ಕಿತ್ತು ಹೊಸದಕ್ಕೆ ಹಾಕಿದ ಮೇಲೆ ಸರಿಯಾಯಿತು. ಅಷ್ಟರೊಳಗೆ ಎರಡು ಬೋರ್ಡಿನ ದುಡ್ಡು ಹೋಗಿತ್ತು. ಗ್ರೀ ಇಂಡೋರ್ ಬೋರ್ಡುಗಳಲ್ಲಿ ಇದೇ ತರದ ಕೆಲಸಕ್ಕೆ ಜಂಪರ್ ಕ್ಯಾಪ್ (ಯಾವ ಮಾಡೆಲ್ ಅಂತ ಬೋರ್ಡಿಗೆ ಹೇಳುವ ಚಿಕ್ಕ ತುಂಡು) ಇರುತ್ತದೆ, ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕದಿದ್ದರೆ ಸಿ5 ಅನ್ನುವ ತಪ್ಪಿನ ಕೋಡ್ ತೋರಿಸುತ್ತದೆ. ಹೊಸ ಹುಡುಗರು ಹಳೆಯ ಬೋರ್ಡನ್ನು ಕ್ಯಾಪ್ ಸಮೇತ ಗುಜರಿಗೆ ಹಾಕಿ ಆಮೇಲೆ ಒದ್ದಾಡುತ್ತಾರೆ.

ಸೆನ್ಸರ್ ವಿಷಯದಲ್ಲಿ ಒಂದು ತಮಾಷೆ ಪ್ರಯೋಗ ಮಾಡಿದೆ, ಬೇಕಂತಲೇ. ಬಿಸಿ ಏರಿದಷ್ಟೂ ಸೆನ್ಸರಿನ ಓಮ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಬೋರ್ಡು ಅದರಿಂದಲೇ ತಾಪಮಾನ ಅಳೆಯುವುದು. ಗ್ರೀ ರೂಮ್ ಸೆನ್ಸರ್ 25 ಡಿಗ್ರಿಯಲ್ಲಿ 15 ಕಿಲೋಓಮ್, ಕಾಯಿಲ್‌ದು 20. ಮೈಡಿಯಾ ಕಡೆ ಎರಡೂ 10. ಪ್ಲಗ್ ಬದಲಿಸಿ 15 ಇರುವ ಜಾಗಕ್ಕೆ 10ರದ್ದು ಹಾಕಿದೆ. ರೂಮು 25 ಡಿಗ್ರಿ ಇದ್ದರೆ ಬೋರ್ಡು 34 ಅಂದುಕೊಳ್ಳುತ್ತದೆ, ಕಟ್ ಆಗುವ ಮಾತೇ ಇಲ್ಲ, ಸುಮ್ನೆ ಓಡುತ್ತಲೇ ಇರುತ್ತದೆ. ಹೊರಗಿಂದ ನೋಡಿದರೆ ಗ್ಯಾಸ್ ಕಡಿಮೆ ಇದೆ ಅನ್ನಿಸುವ ಹಾಗಿರುತ್ತದೆ! ಅದೇ ಮನೆಯ ಅಕ್ಕತಂಗಿಯರ ನಡುವೆ ಸೆನ್ಸರ್ ಬದಲಿಸಿದರೆ ಈ ಗೋಳಿಲ್ಲ. ರಿಮೋಟ್ ಕೂಡ ಹಾಗೇ, ಒಂದರದ್ದು ಇನ್ನೊಂದಕ್ಕೆ ಹಿಡಿದರೆ ಬೀಪ್ ಅಂತ ಆನ್ ಆಗುತ್ತದೆ, ಸ್ವಿಂಗ್ ಮಾತ್ರ ಕೆಲವದರಲ್ಲಿ ಹೇಳಿದ ಮಾತು ಕೇಳಲ್ಲ. ಅಂಗಡಿಯಲ್ಲಿ ನಿಂತೇ ಮನೆತನ ಕಂಡುಹಿಡಿಯುವುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಈಗಲೂ ನಾನು ದುಬಾರಿ ಅಕ್ಕನನ್ನೇ ಹಾಕಿಸಿ ಅನ್ನುವುದು ಎರಡು ಕಡೆ. ಸಮುದ್ರದ ಉಪ್ಪು ಗಾಳಿ ಬರುವಲ್ಲಿ ಔಟ್‌ಡೋರ್ ಕಾಯಿಲಿನ ಕೋಟಿಂಗ್ ನೋಡಿ, ಬೋರ್ಡಿನ ಮೇಲೆ ಹೊಳೆಯುವ ಲೇಪ ಇದೆಯೋ ಇಲ್ಲವೋ ನೋಡಿ. ನಾನು ಬಿಚ್ಚಿದ ತಂಗಿಯರಲ್ಲಿ ಕಂಪನಿಯವರು ಜಾಸ್ತಿ ಉಳಿತಾಯ ಮಾಡಿದ್ದು ಅಲ್ಲೇ. ಇನ್ನೊಂದು ವಾರಂಟಿ. ಮೆಷಿನ್ ಒಂದೇ ಆದರೂ ಕಾರ್ಡು ಒಂದೇ ಅಲ್ಲ. ಒಂದಕ್ಕೆ ಬೋರ್ಡ್ ಸೇರಿ ಹಲವು ವರ್ಷ, ಇನ್ನೊಂದಕ್ಕೆ ಬರೀ ಕಂಪ್ರೆಸರಿಗೆ. ಬೆಲೆಯ ವ್ಯತ್ಯಾಸ ಒಂದು ಬೋರ್ಡಿನ ರೇಟಿಗಿಂತ ಕಡಿಮೆ ಇದ್ದರೆ ದೊಡ್ಡ ಹೆಸರಿಗೇ ಕೊಡಿ. ಜಾಸ್ತಿ ಇದ್ದರೆ ತಂಗಿಯನ್ನು ತಂದು, ಉಳಿದ ದುಡ್ಡಲ್ಲಿ ಒಂದು ಬೋರ್ಡ್ ಈಗಲೇ ತೆಗೆದಿಟ್ಟುಕೊಳ್ಳಿ.