ಕೀಳದೆ ಉಳಿಸಿದ ಹಲ್ಲು

ರಾಜಾಜಿನಗರದ ನನ್ನ ದಂತ ಚಿಕಿತ್ಸಾಲಯಕ್ಕೆ ಬಂದವರು ನಿವೃತ್ತ ಬಸ್ ಕಂಡಕ್ಟರ್. ಬಲಗಡೆಯ ಕೆಳದವಡೆಯಲ್ಲಿ ಹಲ್ಲೊಂದು ಅಲುಗಾಡುತ್ತಿತ್ತು. "ಕಿತ್ತುಬಿಡಿ ಡಾಕ್ಟರೇ, ತಾಪತ್ರಯವೇ ಬೇಡ" ಎಂದರು. ವಸಡಿನ ಸೋಂಕಿರಬೇಕೆಂದು ಆಂಟಿಬಯೋಟಿಕ್ ಬರೆದುಕೊಟ್ಟು ಕಳುಹಿಸಿದೆ. ಹತ್ತು ದಿನ ಹಾಳಾದದ್ದು ನನ್ನಿಂದಲೇ.

ಎರಡನೆಯ ಸಲ ಕೀಳಲೆಂದೇ ಕೂರಿಸಿದ್ದೆ. ಮಾತಿಗೆ ಮಾತು ಬಂದು, "ಮೊನ್ನೆ ಗಡ್ಡ ಹೆರೆದುಕೊಳ್ಳುವಾಗ ಬ್ಲೇಡು ತಾಗಿದೆ, ಕನ್ನಡಿಯಲ್ಲಿ ರಕ್ತ ಕಂಡ ಮೇಲೆಯೇ ಗೊತ್ತಾದದ್ದು" ಎಂದರು. ಸಿರಿಂಜ್ ಕೆಳಗಿಟ್ಟೆ. ಹತ್ತಿಯ ಎಳೆಯಿಂದ ಗದ್ದ ಸವರಿದರೆ ಎಡಗಡೆ ಕಚಗುಳಿ, ಬಲಗಡೆ ಏನೂ ಇಲ್ಲ. ಹಲ್ಲಿಗೆ ಹುಳುಕಿಲ್ಲ, ಕೀವಿಲ್ಲ, ವಸಡೂ ಬಿಟ್ಟುಕೊಂಡಿಲ್ಲ. ಹಾಗಿದ್ದರೆ ದವಡೆಯೊಳಗೆ ಹಾದು ಗದ್ದಕ್ಕೆ ಬರುವ ನರಕ್ಕೆ ಏನಾಗಿದೆ?

ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿದೆ. ಹಲ್ಲಿನ ಸೋಂಕಾದರೆ ಕಪ್ಪು ಕಲೆ ಸಾಮಾನ್ಯವಾಗಿ ಬೇರಿನ ತುದಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಬೇರಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ದುಂಡನೆಯ ತೂತುಗಳು, ಅಂಚಿನಲ್ಲಿ ಬಿಳಿ ಗೆರೆಯಿಲ್ಲ. ಅವರೇ ಒಂದು ಕಾಲಕ್ಕೆ ಟಿಕೆಟ್‌ಗೆ ಹೊಡೆಯುತ್ತಿದ್ದಂಥವು.

"ಸೊಂಟ ನೋವಿದೆಯೇ?" ಎಂದೆ. "ಬಸ್ಸಿನಲ್ಲಿ ನಿಂತೇ ಆಯುಷ್ಯ ಕಳೆಯಿತಲ್ಲ, ಇರದೆ ಇರುತ್ತದೆಯೇ?" ಎಂದು ನಕ್ಕರು. ಹೆಂಡತಿ ನಗಲಿಲ್ಲ. "ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ" ಎಂದರು.

ರಕ್ತ ಪರೀಕ್ಷೆಗೆ ಬರೆದೆ: ಹಿಮೋಗ್ಲೋಬಿನ್, ಇಎಸ್‌ಆರ್ (ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ), ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್. ಹಲ್ಲಿನ ಡಾಕ್ಟರು ಇವನ್ನೆಲ್ಲ ಬರೆಯುವುದೇ ಎಂದು ಲ್ಯಾಬಿನವರು ಫೋನ್ ಮಾಡಿ ಕೇಳಿದರು. ಹಿಮೋಗ್ಲೋಬಿನ್ 8.2, ತೀರಾ ಕಡಿಮೆ; ಇಎಸ್‌ಆರ್ 110, ತೀರಾ ಹೆಚ್ಚು. ನನ್ನ ಅನುಮಾನ ಮಲ್ಟಿಪಲ್ ಮೈಲೋಮಾ, ಅಂದರೆ ಅಸ್ಥಿಮಜ್ಜೆಯ ಪ್ಲಾಸ್ಮಾ ಕಣಗಳ ಕ್ಯಾನ್ಸರ್. ಆ ಕಣಗಳು ಮೂಳೆ ಕರಗಿಸುವ ಕಣಗಳನ್ನು ಕೆರಳಿಸುತ್ತವೆ. ತೂತು ಬೀಳುವುದು ಅದರಿಂದ. ಬೇರೆಡೆಯ ಕ್ಯಾನ್ಸರ್ ದವಡೆಗೆ ಹರಡಿದರೂ ಹೀಗೆಯೇ ಕಾಣಬಹುದು. ಅದಕ್ಕಾಗಿ ರೋಗದ ಹೆಸರನ್ನು ಬಾಯಿಬಿಟ್ಟು ಹೇಳದೆ, ರಕ್ತರೋಗ ತಜ್ಞರಿಗೆ ಪತ್ರ ಬರೆದು ಕಳುಹಿಸಿದೆ. ಮಜ್ಜೆಯ ಪರೀಕ್ಷೆಯಲ್ಲಿ ಮೈಲೋಮಾ ಎಂದೇ ಬಂತು.

ಮೂರು ವಾರಕ್ಕೆ ಆ ತಜ್ಞರ ಚೀಟಿ ಹಿಡಿದು ಮತ್ತೆ ಬಂದರು. ಮೂಳೆ ಕರಗದಂತೆ ತಡೆಯುವ ಜೊಲೆಡ್ರೋನಿಕ್ ಆಮ್ಲದ ಇಂಜೆಕ್ಷನ್ ಶುರುವಾದ ಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ದವಡೆಯೇ ಕೊಳೆಯುವ ಅಪಾಯವಿದೆ. ಕೆಟ್ಟ ಹಲ್ಲುಗಳೇನಿದ್ದರೂ ಮೊದಲೇ ತೆಗೆಯಬೇಕು. ಮೇಲ್ದವಡೆಯಲ್ಲಿದ್ದ ಎರಡು ಹಳೆಯ ಮೋಟುಬೇರುಗಳನ್ನು ತೆಗೆದೆ. ಬಲಗಡೆಯ ಹಲ್ಲನ್ನು ಮುಟ್ಟಲಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಅದರ ಅಲುಗಾಟ ತಗ್ಗಿದೆ. ಗದ್ದ ಮಾತ್ರ ಇನ್ನೂ ಮರಗಟ್ಟಿಯೇ ಇದೆ; ಬ್ಲೇಡಿನ ಸಹವಾಸವೇ ಬೇಡವೆಂದು ಅವರು ಗಡ್ಡ ಬಿಟ್ಟಿದ್ದಾರೆ.